ನಾಬ್, ವೈರು, ಪರದೆ: ಸಿಂಥಸೈಜರ್ ಪ್ಯಾನೆಲ್ ಬದಲಾದ ಬಗೆ, ನಮ್ಮ ಶ್ರುತಿಪೆಟ್ಟಿಗೆಗೂ ಅದಕ್ಕೂ ಇರುವ ನಂಟು

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಭಜನಾ ಮಂಡಳಿಗಳಲ್ಲಿ, ಸಂಗೀತ ಪಾಠದ ಮನೆಗಳಲ್ಲಿ, ಹರಿಕಥೆಯ ವೇದಿಕೆಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಪುಟ್ಟ ಪೆಟ್ಟಿಗೆ ಈಗ ಮಾಮೂಲಿ. ಸ್ವಿಚ್ ಹಾಕಿದರೆ ಸಾಕು, ನಾದ ಶುರು. ಪೆಟ್ಟಿಗೆಯ ಮುಖದ ಮೇಲೆ ನಾಲ್ಕೈದು ನಾಬ್‌ಗಳು, ಅವುಗಳ ಸುತ್ತ ಅಚ್ಚಾದ ಅಕ್ಷರ ಮತ್ತು ಅಂಕಿಗಳು ಇರುತ್ತವೆ. ಹೊಸ ಮಾದರಿಗಳಲ್ಲಿ ನಾಬ್ ಬದಲು ಒತ್ತುಗುಂಡಿ ಮತ್ತು ಚಿಕ್ಕ ಪರದೆ ಬಂದಿವೆ.

ಈ ಪೆಟ್ಟಿಗೆಗಳ ಬಗ್ಗೆ ಎರಡು ಮಾತು ಆಗಾಗ ಕೇಳಿಬರುತ್ತವೆ. ಒಂದು, "ಹಳೆಯ ನಾಬ್ ಪೆಟ್ಟಿಗೆಯ ಶ್ರುತಿಯೇ ಶುದ್ಧ, ಪರದೆಯದ್ದು ಬರೀ ಕೃತಕ." ಇನ್ನೊಂದು, "ಮಷೀನು ಅಂದಮೇಲೆ ಶ್ರುತಿ ತಪ್ಪುವ ಮಾತೇ ಇಲ್ಲ, ಗುರುತಿಗೆ ಇಟ್ಟರೆ ಮುಗಿಯಿತು." ಇವೆರಡೂ ಎಷ್ಟು ನಿಜ ಎಂದು ತಿಳಿಯಲು ಇಂಥ ಯಂತ್ರಗಳ ಮುಖ, ಅಂದರೆ ಪ್ಯಾನೆಲ್, ಅರವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ನೋಡಬೇಕು. ಆ ಕತೆ ಶುರುವಾಗುವುದು ಸಿಂಥಸೈಜರ್ ಎಂಬ ದೊಡ್ಡಣ್ಣನಿಂದ.

ಮೊದಲು ತಂಬೂರಿಯನ್ನೇ ನೋಡೋಣ

ಮರದ ತಂಬೂರಿಗೂ ಒಂದು ಬಗೆಯ 'ಪ್ಯಾನೆಲ್' ಇದೆ. ಮೇಲ್ತುದಿಯ ಬಿರಡೆ ತಿರುಗಿಸಿದರೆ ಶ್ರುತಿ ದೊಡ್ಡ ಹೆಜ್ಜೆಯಲ್ಲಿ ಏರಿಳಿಯುತ್ತದೆ. ಕೆಳಗೆ ತಂತಿಗೆ ಪೋಣಿಸಿದ ಮಣಿಯನ್ನು ಸರಿಸಿದರೆ ಕೂದಲೆಳೆಯಷ್ಟು ಬದಲಾಗುತ್ತದೆ. ಕುದುರೆಯ ಮೇಲೆ ತಂತಿಯಡಿ ಇಡುವ ಹತ್ತಿ ನೂಲನ್ನು ಸರಿಸಿದರೆ ಶ್ರುತಿ ಅದೇ ಇದ್ದು ನಾದದ ಝೇಂಕಾರ ಬದಲಾಗುತ್ತದೆ.

ಹೀಗೆ ಮೂರು ಕೆಲಸಕ್ಕೆ ಮೂರು ಜಾಗ, ಯಾವುದನ್ನು ಮುಟ್ಟಿದರೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಎಲೆಕ್ಟ್ರಾನಿಕ್ ವಾದ್ಯದಲ್ಲಿ ತಂತಿ ಇಲ್ಲ. ಸದ್ದು ಹುಟ್ಟುವುದು ಪೆಟ್ಟಿಗೆಯೊಳಗಿನ ಸರ್ಕ್ಯೂಟ್‌ನಲ್ಲಿ. ಹಾಗಾಗಿ ಏನನ್ನು ಬದಲಾಯಿಸಬಹುದು, ಎಷ್ಟು ಬದಲಾಯಿಸಬಹುದು ಎಂದು ಹೇಳುವ ಕೆಲಸವೆಲ್ಲ ಪ್ಯಾನೆಲ್ ಮೇಲೆಯೇ ಬೀಳುತ್ತದೆ.

1960ರ ದಶಕ: ಒಂದೊಂದು ಕೆಲಸಕ್ಕೆ ಒಂದೊಂದು ತಟ್ಟೆ

1964ರಲ್ಲಿ ಅಮೆರಿಕದ ಎಂಜಿನಿಯರ್ ರಾಬರ್ಟ್ ಮೂಗ್, ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಜೊತೆ ಸೇರಿ ತಮ್ಮ ಮೊದಲ ಸಿಂಥಸೈಜರ್ ಮಾದರಿಯನ್ನು ರೂಪಿಸಿದರು. ಅದರ ಮೂಲ ಉಪಾಯ ಸರಳ: ಶ್ರುತಿಯನ್ನು ವಿದ್ಯುತ್ತಿನ ವೋಲ್ಟೇಜಿನಿಂದ ಹಿಡಿಯುವುದು. ವೋಲ್ಟೇಜ್ 1 ವೋಲ್ಟ್ ಏರಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಏರುತ್ತದೆ. 220 ಹರ್ಟ್ಸ್ ಇದ್ದದ್ದು 440 ಆಗುತ್ತದೆ, ಇನ್ನೊಂದು ವೋಲ್ಟ್ ಕೊಟ್ಟರೆ 880.

ಈ ಯಂತ್ರವನ್ನು 'ಮಾಡ್ಯುಲರ್' ಎನ್ನುವುದು ಅದು ಬಿಡಿಬಿಡಿ ಘಟಕಗಳ ಜೋಡಣೆಯಾದ್ದರಿಂದ. ಸದ್ದು ಹುಟ್ಟಿಸುವ ಆಸಿಲೇಟರ್ ಒಂದು ಘಟಕ, ಸದ್ದನ್ನು ಸೋಸುವ ಫಿಲ್ಟರ್ ಇನ್ನೊಂದು, ಅದನ್ನು ಏರಿಸಿ ಇಳಿಸುವ ಆಂಪ್ಲಿಫೈಯರ್ ಮತ್ತೊಂದು. ಪ್ರತಿಯೊಂದಕ್ಕೂ ಬಿಳಿ ಅಕ್ಷರದ ಕಪ್ಪು ಲೋಹದ ತಟ್ಟೆ, ಅದರ ಮೇಲೆ ನಾಬ್ ಮತ್ತು ಸಾಕೆಟ್. ಇವೆಲ್ಲ ಮರದ ಕಪಾಟಿನಲ್ಲಿ ಸಾಲಾಗಿ ಕೂರುತ್ತಿದ್ದವು. ಈ ಘಟಕದ ಸದ್ದು ಆ ಘಟಕಕ್ಕೆ ಹೋಗಬೇಕಾದರೆ ನಡುವೆ ಒಂದು ವೈರು ಚುಚ್ಚಬೇಕು. ಇಂದು ಗಿಟಾರಿಗೆ ಬಳಸುವ ಕಾಲು ಇಂಚಿನ ಪಿನ್ನೇ ಅಲ್ಲಿ ಬಳಕೆಯಲ್ಲಿತ್ತು.

ಆ ಕಾಲದ ಅಚ್ಚಿನ ಅಕ್ಷರಗಳನ್ನು ನೋಡಿದರೆ ಅವು ಯಾರಿಗಾಗಿ ಬರೆದವು ಎಂದು ತಿಳಿಯುತ್ತದೆ. ಒಂದು ಸ್ವರ ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತಿನಲ್ಲಿ ಆರಬೇಕು ಎಂದು ಹೇಳುವ ನಾಬ್‌ಗಳಿಗೆ ಮೂಗ್ ಯಂತ್ರದಲ್ಲಿ 'ಟಿ1, ಟಿ2, ಟಿ3' ಎಂಬ ಹೆಸರಿತ್ತು. ಅದು ಪ್ರಯೋಗಶಾಲೆಯ ಭಾಷೆ. ನಂತರ ಎಆರ್‌ಪಿ ಕಂಪನಿ ಅದನ್ನೇ 'ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್' ಎಂದು ಸರಳಗೊಳಿಸಿತು. ಇಂದು ಆರ್ಕೆಸ್ಟ್ರಾದವರ ಕೀಬೋರ್ಡುಗಳಲ್ಲಿ ಕಾಣುವುದು ಇದೇ ನಾಲ್ಕು ಪದ. ಸರ್ಕ್ಯೂಟ್ ಮಾಡುವ ಕೆಲಸ ಅದೇ, ಹೆಸರು ಮಾತ್ರ ವಾದಕರ ಕಡೆ ಬಂತು.

ಅದೇ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಾನ್ ಬುಕ್ಲಾ ಬೇರೆ ದಾರಿ ಹಿಡಿದರು. ಅವರ ಪ್ಯಾನೆಲ್‌ನಲ್ಲಿ ಸದ್ದು ಸಾಗಿಸುವ ವೈರಿನ ಪಿನ್ ಒಂದು ಬಗೆ, ನಿಯಂತ್ರಣದ ವೋಲ್ಟೇಜ್ ಸಾಗಿಸುವುದು ಇನ್ನೊಂದು ಬಗೆ. ಒಂದರ ಪಿನ್ ಇನ್ನೊಂದರ ಸಾಕೆಟ್‌ಗೆ ಹೋಗದು. ಪಿಯಾನೋ ಮನೆಗಳ ಬದಲು ಬೆರಳು ಮುಟ್ಟುವ ತಟ್ಟೆಗಳನ್ನು ಇಟ್ಟರು. ಮೂಗ್ ಯಂತ್ರಕ್ಕೆ ಮನೆಗಳಿದ್ದ ಕಾರಣ ಅದು ಹಾಡು ನುಡಿಸುವವರ ಕೈಗೆ ಸುಲಭವಾಗಿ ಹೋಯಿತು; ಬುಕ್ಲಾ ಯಂತ್ರ ಹೊಸ ಸದ್ದು ಹುಡುಕುವವರ ಬಳಿ ಉಳಿಯಿತು. ಎರಡರಲ್ಲೂ ಆಸಿಲೇಟರ್ ಇತ್ತು, ಆದರೆ ಮುಖದ ವಿನ್ಯಾಸ ಸಂಗೀತದ ದಿಕ್ಕನ್ನು ಬೇರೆ ಮಾಡಿತು.

ಭಾರತಕ್ಕೂ ಈ ಯಂತ್ರ ಬೇಗನೆ ಬಂತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಮಾಡ್ಯುಲರ್ ಯಂತ್ರವನ್ನು ಸಜ್ಜುಗೊಳಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಪ್ರಯೋಗ ಮಾಡಿದರು. 1969ರಿಂದ 1972ರವರೆಗಿನ ಆ ಟೇಪುಗಳು ದಶಕಗಳ ನಂತರ ಬೆಳಕಿಗೆ ಬಂದು, 2023ರಲ್ಲಿ ಆಲ್ಬಮ್ ಆಗಿ ಹೊರಬಂದವು.

ವೈರಿನ ಗೋಜಲಿಗೆ ಮೂರು ಪರಿಹಾರ

ಮಾಡ್ಯುಲರ್ ಯಂತ್ರದ ತೊಂದರೆ ಅದರ ಸ್ವಾತಂತ್ರ್ಯದಲ್ಲೇ ಇತ್ತು. ಹತ್ತಿಪ್ಪತ್ತು ವೈರು ಚುಚ್ಚಿ ಒಂದು ನಾದ ತಯಾರು ಮಾಡಿದರೆ ಮುಂದಿನ ನಾದಕ್ಕೆ ಎಲ್ಲ ಕಿತ್ತು ಮತ್ತೆ ಚುಚ್ಚಬೇಕು. ಜೋತುಬಿದ್ದ ವೈರುಗಳ ಹಿಂದೆ ನಾಬ್ ಕಾಣುತ್ತಿರಲಿಲ್ಲ. ಕಛೇರಿಯ ನಡುವೆ ಇದು ಆಗುವ ಮಾತಲ್ಲ. ಪರಿಹಾರಗಳು ಮೂರು ಬಗೆಯಲ್ಲಿ ಬಂದವು.

ಮೊದಲನೆಯದು ಪಿನ್ ಹಲಗೆ. 1969ರ ಬ್ರಿಟನ್ನಿನ 'ವಿಸಿಎಸ್3' ಯಂತ್ರದಲ್ಲಿ ಚೌಕಾಬಾರದ ಮಣೆಯಂಥ ಹಲಗೆಯಿದೆ. ಅಡ್ಡ 16, ಉದ್ದ 16, ಒಟ್ಟು 256 ರಂಧ್ರ. ಅಡ್ಡಸಾಲು ಸದ್ದು ಎಲ್ಲಿಂದ ಬರಬೇಕೆಂದು ಹೇಳಿದರೆ ಕಂಬಸಾಲು ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಎರಡೂ ಕೂಡುವ ರಂಧ್ರದಲ್ಲಿ ಒಂದು ಪಿನ್ ಚುಚ್ಚಿದರೆ ಸಂಪರ್ಕ ಸಿದ್ಧ. ಪಿನ್ನಿನೊಳಗೇ ಪುಟ್ಟ ರೆಸಿಸ್ಟರ್ ಇರುತ್ತದೆ. ಹೀಗೆ ವೈರು ಮಾಯವಾಗಿ, ಇಡೀ ಜೋಡಣೆ ಒಂದು ನೋಟಕ್ಕೆ ಓದುವ ಪಟವಾಯಿತು.

ಎರಡನೆಯದು ಜಾರುಸ್ವಿಚ್ಚಿನ ಸಾಲು. 1970ರ ಎಆರ್‌ಪಿ 2500ರಲ್ಲಿ ಘಟಕಗಳ ಮೇಲೂ ಕೆಳಗೂ ಉದ್ದಕ್ಕೆ ಜಾರುಸ್ವಿಚ್ಚುಗಳಿದ್ದವು. ನೋಡಲು ಅಚ್ಚುಕಟ್ಟು, ಆದರೆ ಒಂದು ಸಾಲಿನ ಸದ್ದು ಪಕ್ಕದ ಸಾಲಿಗೆ ಸೋರುವ ದೂರು ಬಂತು. 1971ರ ಎಆರ್‌ಪಿ 2600ರಲ್ಲಿ ಜಾಣ ರಾಜಿ ಇತ್ತು: ಸಾಮಾನ್ಯವಾಗಿ ಬೇಕಾಗುವ ಸಂಪರ್ಕಗಳು ಒಳಗೇ ಆಗಿರುತ್ತವೆ, ಬೇರೆ ಬೇಕೆಂದರೆ ಮಾತ್ರ ವೈರು ಚುಚ್ಚಿ ಅದನ್ನು ಮುರಿಯಬಹುದು. ಒಳಗಿನ ದಾರಿಗಳನ್ನು ಪ್ಯಾನೆಲ್ ಮೇಲೆ ಗೆರೆಗಳಲ್ಲಿ ಬಿಡಿಸಿದ್ದರು. ಯಂತ್ರ ತಾನೇ ಪಾಠದ ಹಲಗೆಯೂ ಆಯಿತು.

ಮೂರನೆಯದು ವೈರನ್ನೇ ಬಿಟ್ಟುಬಿಡುವುದು. 1970ರಲ್ಲಿ ಬಂದ ಮಿನಿಮೂಗ್‌ನಲ್ಲಿ ಸಂಪರ್ಕಗಳೆಲ್ಲ ಒಳಗೆ ಬೆಸುಗೆಯಾಗಿವೆ. ಪ್ಯಾನೆಲ್ ಎಡದಿಂದ ಬಲಕ್ಕೆ ಸಾಲು ಓದಿದ ಹಾಗೆ ಸಾಗುತ್ತದೆ: ನಿಯಂತ್ರಣ, ಆಸಿಲೇಟರ್, ಮಿಕ್ಸರ್, ಫಿಲ್ಟರ್ ಮತ್ತು ಏರಿಳಿತ, ಕೊನೆಗೆ ಔಟ್‌ಪುಟ್. ಸದ್ದು ಸಾಗುವ ದಾರಿಯೂ ಹೆಚ್ಚುಕಡಿಮೆ ಅದೇ. ಆಯ್ಕೆಗಳು ಕಡಿಮೆಯಾದವು, ಕೈ ಚುರುಕಾಯಿತು.

ಗುರುತು ಇದ್ದಲ್ಲೇ ಇದ್ದರೂ ಶ್ರುತಿ ಜಾರುತ್ತಿದ್ದದ್ದೇಕೆ?

ಮಿನಿಮೂಗ್ ಪ್ಯಾನೆಲ್‌ನ ಬಲತುದಿಯಲ್ಲಿ 'ಎ-440' ಎಂಬ ಪುಟ್ಟ ಸ್ವಿಚ್ ಇದೆ. ಅದನ್ನು ಹಾಕಿದರೆ 440 ಹರ್ಟ್ಸಿನ ಒಂದು ಉಲ್ಲೇಖ ಸ್ವರ ಕೇಳುತ್ತದೆ. ಅದಕ್ಕೆ ಹೊಂದಿಸಿ ಆಸಿಲೇಟರುಗಳ ಶ್ರುತಿ ಸರಿಮಾಡಿಕೊಳ್ಳಬೇಕು. ನಾಬಿನ ಸುತ್ತ ಅಂಕಿ ಅಚ್ಚಾಗಿದ್ದರೂ ಪ್ರತ್ಯೇಕ ಉಲ್ಲೇಖ ಸ್ವರ ಬೇಕಾಯಿತು ಎಂಬುದೇ ಒಂದು ಸುಳಿವು.

ಕಾರಣ ಬಿಸಿ. ವೋಲ್ಟೇಜನ್ನು ಸ್ಥಾಯಿಯ ಲೆಕ್ಕಕ್ಕೆ ತರುವ ಕೆಲಸವನ್ನು ಟ್ರಾನ್ಸಿಸ್ಟರ್‌ಗಳು ಮಾಡುತ್ತವೆ. ಅವುಗಳ ಈ ಗುಣ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ: ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಪ್ರತಿ 1 ಡಿಗ್ರಿಗೆ ಸುಮಾರು ಶೇ. 0.33ರಷ್ಟು. ಕೇಳಲು ಸಣ್ಣದು, ಲೆಕ್ಕ ಹಾಕಿದರೆ ಅಲ್ಲ. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಭಾಗಿಸುತ್ತಾರೆ. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್. ಮೂರು ಸ್ಥಾಯಿ ಎಂದರೆ 3600 ಸೆಂಟ್. ಉಷ್ಣತೆ 10 ಡಿಗ್ರಿ ಬದಲಾದರೆ ಅದರ ಶೇ. 3.3, ಅಂದರೆ ಸುಮಾರು 119 ಸೆಂಟ್ ವ್ಯತ್ಯಾಸ. ಸರಿಪಡಿಸುವ ವ್ಯವಸ್ಥೆ ಇಲ್ಲದಿದ್ದರೆ ಮೂರು ಸ್ಥಾಯಿ ದೂರದ ಸ್ವರ ಒಂದು ಮನೆಗಿಂತಲೂ ಹೆಚ್ಚು ತಪ್ಪುತ್ತದೆ.

ಇದನ್ನು ತಡೆಯಲು ಬಿಸಿಯಾದಷ್ಟೂ ತನ್ನ ತಡೆ ಹೆಚ್ಚಿಸಿಕೊಳ್ಳುವ ವಿಶೇಷ ರೆಸಿಸ್ಟರ್‌ಗಳನ್ನು ಸೇರಿಸಿದರು. ಮಿನಿಮೂಗ್ ಮಾರಾಟದಲ್ಲಿದ್ದ ವರ್ಷಗಳಲ್ಲೇ ಒಳಗಿನ ಆಸಿಲೇಟರ್ ಬೋರ್ಡ್ ಬದಲಾಗಿ ಶ್ರುತಿ ಹೆಚ್ಚು ಸ್ಥಿರವಾಯಿತು, ಹೊರಗಿನ ಮುಖ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಮುಖ ನೋಡಿ ಒಳಗನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನೆನಪು ಬಂತು, ನಾಬ್ ಹೋಯಿತು

1978ರ ಪ್ರಾಫೆಟ್-5 ಯಂತ್ರದಲ್ಲಿ ಮೈಕ್ರೊಪ್ರೊಸೆಸರ್ ಸೇರಿತು. ನಾಬ್‌ಗಳನ್ನು ಹೊಂದಿಸಿ ಒಂದು ಗುಂಡಿ ಒತ್ತಿದರೆ ಆ ನಾದ ನೆನಪಿನಲ್ಲಿ ಉಳಿಯುತ್ತದೆ. ಶ್ರುತಿ ತಾನೇ ಸರಿಮಾಡಿಕೊಳ್ಳಲೆಂದು 'ಟ್ಯೂನ್' ಎಂಬ ಗುಂಡಿಯೂ ಬಂತು. ಆದರೆ ಇಲ್ಲೊಂದು ಹೊಸ ಗೊಂದಲ. ನೆನಪಿನಿಂದ ನಾದ ಕರೆದಾಗ ನಾಬ್ ತಿರುಗುವುದಿಲ್ಲ. ನಾಬ್ 3ರಲ್ಲಿ ನಿಂತಿರುತ್ತದೆ, ಕೇಳುವ ನಾದ 7ರದ್ದಾಗಿರುತ್ತದೆ. ಹೀಗೆ ಪ್ಯಾನೆಲ್ ತೋರಿಸುವುದಕ್ಕೂ ಯಂತ್ರ ಮಾಡುವುದಕ್ಕೂ ನಂಟು ತಪ್ಪಿತು.

1983ರ ಯಮಾಹಾ ಡಿಎಕ್ಸ್7ರಲ್ಲಿ ನಾಬ್‌ಗಳ ಸಾಲೇ ಇಲ್ಲ. ಚಪ್ಪಟೆ ಒತ್ತುಗುಂಡಿಗಳು, ಮೌಲ್ಯ ಬದಲಿಸಲು ಒಂದೇ ಜಾರುಗುಂಡಿ, ಎರಡು ಸಾಲಿನ ಪುಟ್ಟ ಪರದೆ. ಒಂದು ನಾದಕ್ಕೆ ನೂರಕ್ಕೂ ಹೆಚ್ಚು ಮೌಲ್ಯಗಳಿದ್ದವು, ಪರದೆಯಲ್ಲಿ ಕಾಣುತ್ತಿದ್ದದ್ದು ಒಂದು ಸಲಕ್ಕೆ ಒಂದು. ಒಳಗಿನ 32 ಜೋಡಣೆಗಳ ಪುಟ್ಟ ಚಿತ್ರಗಳನ್ನು ಪ್ಯಾನೆಲ್ ಮೇಲೆ ಅಚ್ಚು ಹಾಕಿದ್ದರು. ಇಲ್ಲದಿದ್ದರೆ ದಾರಿ ತಿಳಿಯುವಂತಿರಲಿಲ್ಲ. ಬಹುತೇಕ ಜನ ಕಂಪನಿ ತುಂಬಿಕೊಟ್ಟ ನಾದಗಳನ್ನೇ ನುಡಿಸಿದರು. ಆದರೆ ಶ್ರುತಿಯ ವಿಷಯದಲ್ಲಿ ಇದು ದೊಡ್ಡ ಹೆಜ್ಜೆ. ಡಿಜಿಟಲ್ ಯಂತ್ರದ ಶ್ರುತಿ ನಿಲ್ಲುವುದು ಗಡಿಯಾರದಲ್ಲಿರುವಂಥ ಸ್ಫಟಿಕದ ಮೇಲೆ. ಅಂಥ ಸ್ಫಟಿಕ ಹತ್ತು ಲಕ್ಷಕ್ಕೆ 50 ಭಾಗ ತಪ್ಪಿದರೂ ಶ್ರುತಿ ತಪ್ಪುವುದು ಒಂದು ಸೆಂಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಯಾವ ಕಿವಿಗೂ ಅದು ಗೊತ್ತಾಗದು.

ಬೆಂಗಳೂರಿನ ತಂಬೂರಿ ಪೆಟ್ಟಿಗೆ

ಈಗ ನಮ್ಮ ಪೆಟ್ಟಿಗೆಗೆ ಬರೋಣ. ಎಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಕಂಪನಿಯ ಪೆಟ್ಟಿಗೆಗಳು ಮನೆಮನೆಗೆ ಹೋದವು, ಬೇರೆ ಕಂಪನಿಗಳೂ ಈ ಕ್ಷೇತ್ರಕ್ಕೆ ಬಂದವು.

ಸಿಂಥಸೈಜರ್ ಎಂದರೆ ಎಲ್ಲವನ್ನೂ ಬದಲಿಸಲು ಬಿಡುವ ಯಂತ್ರ. ತಂಬೂರಿ ಪೆಟ್ಟಿಗೆ ಅದಕ್ಕೆ ತದ್ವಿರುದ್ಧ. ಹಾಡುವವರಿಗೆ ಬೇಕಾದದ್ದು ಅಲುಗದ ಆಧಾರ, ಹಾಗಾಗಿ ಪ್ಯಾನೆಲ್‌ನಲ್ಲಿ ಉಳಿದದ್ದು ಕೆಲವೇ ಆಯ್ಕೆ. ಶ್ರುತಿಯ ದೊಡ್ಡ ನಾಬ್, ಅದು ಬಿರಡೆಯ ಜಾಗದಲ್ಲಿ. 'ಫೈನ್' ನಾಬ್, ಅದು ಮಣಿಯ ಜಾಗದಲ್ಲಿ. ತಂತಿ ಮೀಟುವ ವೇಗಕ್ಕೊಂದು, ಸದ್ದಿನ ಮಟ್ಟಕ್ಕೊಂದು. ಇನ್ನೊಂದು ಮುಖ್ಯ ಸ್ವಿಚ್ಚು ಮೊದಲ ತಂತಿಗೆ: ಪಂಚಮವೋ, ಮಧ್ಯಮವೋ, ನಿಷಾದವೋ? ಹಿಂದೋಳ, ಶ್ರೀರಂಜನಿಯಂಥ ರಾಗಗಳಲ್ಲಿ ಪಂಚಮವಿಲ್ಲ. ಆಗ ತಂಬೂರಿಯನ್ನು ಮಧ್ಯಮಕ್ಕೆ ಕೂಡಿಸುವ ರೂಢಿಯಿದೆ. ಈ ಸ್ವಿಚ್ಚು ನೇರವಾಗಿ ನಮ್ಮ ಸಂಗೀತದಿಂದ ಬಂದದ್ದು. ಹತ್ತಿ ನೂಲಿಗೆ ಸಮನಾದದ್ದು ಮಾತ್ರ ಎಷ್ಟೋ ಪೆಟ್ಟಿಗೆಗಳಲ್ಲಿ ಇಲ್ಲ. ಝೇಂಕಾರ ಹೇಗಿರಬೇಕೆಂದು ತಯಾರಕರೇ ಒಳಗೆ ನಿರ್ಧರಿಸಿರುತ್ತಾರೆ.

ಮುಂದೆ ಇಲ್ಲೂ ಅದೇ ಕತೆ ನಡೆಯಿತು. ಆಸಿಲೇಟರ್ ಹೋಗಿ ಡಿಜಿಟಲ್ ಸರ್ಕ್ಯೂಟ್ ಬಂತು, ನಿಜವಾದ ತಂಬೂರಿಯ ಧ್ವನಿಮುದ್ರಿಕೆಯನ್ನು ಚಿಪ್‌ನಲ್ಲಿ ತುಂಬಿದರು. ಅಳತೆಯಿಲ್ಲದೆ ಜಾರುವ ನಾಬಿನ ಜಾಗದಲ್ಲಿ 'ಸಿ, ಸಿ ಶಾರ್ಪ್, ಡಿ' ಎಂದು ಒಂದೊಂದೇ ಮನೆ ಏರುವ ಗುಂಡಿ ಬಂತು. ಹಾರ್ಮೋನಿಯಂ ಹಿಡಿದವರ ಮಾತಿನಲ್ಲಿ ಇವೇ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು.

ನಾಬ್ ಮರಳಿ ಬಂದದ್ದು

1995ರಲ್ಲಿ ಜರ್ಮನಿಯ ಡೋಪ್ಫರ್ ಕಂಪನಿ ಎ-100 ಎಂಬ ಮಾಡ್ಯುಲರ್ ಸಾಲನ್ನು ತಂದಿತು. ಕೈಗಾರಿಕೆಯ ಉಪಕರಣಗಳಿಗೆ ಮೊದಲೇ ಇದ್ದ ಚೌಕಟ್ಟಿನ ಅಳತೆಯನ್ನೇ ಅದು ಬಳಸಿತು. ಪ್ಯಾನೆಲ್ ಎತ್ತರ 128.5 ಮಿಲಿಮೀಟರ್, ಅಗಲ 5.08 ಮಿಲಿಮೀಟರಿನ ಲೆಕ್ಕದಲ್ಲಿ, ಪಿನ್ 3.5 ಮಿಲಿಮೀಟರ್. ಅಳತೆ ಎಲ್ಲರಿಗೂ ಒಂದೇ ಆದದ್ದರಿಂದ ಯಾರ ಘಟಕವನ್ನಾದರೂ ಯಾರ ಪೆಟ್ಟಿಗೆಯಲ್ಲಾದರೂ ಕೂರಿಸಬಹುದು. 'ಯೂರೋರ‍್ಯಾಕ್' ಎಂಬ ಹೆಸರಿನಲ್ಲಿ ಇದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹಲವು ಹೊಸ ಘಟಕಗಳ ಒಳಗೆ ಡಿಜಿಟಲ್ ಚಿಪ್ ಇದೆ, ಹೊರಗೆ ಹಳೆಯ ಕಾಲದ ನಾಬ್ ಇದೆ. ಹಾಗಾಗಿ ನಾಬ್ ಕಂಡ ಮಾತ್ರಕ್ಕೆ ಅನಲಾಗ್ ಎನ್ನುವಂತಿಲ್ಲ.

ನಂಬಿಕೆ ಮತ್ತು ವಾಸ್ತವ

*ನಂಬಿಕೆ: ಹಳೆಯ ನಾಬ್ ಪೆಟ್ಟಿಗೆಯ ಶ್ರುತಿಯೇ ಶುದ್ಧ.*
ವಾಸ್ತವ: ಅದರ ನಾದ ನಿಮಗೆ ಹೆಚ್ಚು ಹಿತವೆನಿಸಬಹುದು, ಅದು ರುಚಿಯ ಮಾತು. ಶ್ರುತಿಯ ಸ್ಥಿರತೆಯಲ್ಲಿ ಮಾತ್ರ ಸ್ಫಟಿಕವಿರುವ ಡಿಜಿಟಲ್ ಪೆಟ್ಟಿಗೆಯೇ ಮುಂದು.

*ನಂಬಿಕೆ: ಗುರುತಿಗೆ ಇಟ್ಟರೆ ಶ್ರುತಿ ಸರಿ.*
ವಾಸ್ತವ: ಅನಲಾಗ್ ಪೆಟ್ಟಿಗೆಯ ಗುರುತು ಒಂದು ಅಂದಾಜು. ನಾಬಿನೊಳಗಿನ ಕಾರ್ಬನ್ ಪಟ್ಟಿ ಸವೆಯುತ್ತದೆ, ಬಿಸಿಗೆ ಬಿಡಿಭಾಗಗಳ ಮೌಲ್ಯ ಬದಲಾಗುತ್ತದೆ. ಕಡೂರಿನ ಏಪ್ರಿಲ್ ಮಧ್ಯಾಹ್ನ ಇಟ್ಟ ಗುರುತು ತರೀಕೆರೆಯ ಜುಲೈ ಮಳೆಯ ಸಂಜೆಗೆ ಅದೇ ಸ್ವರ ಕೊಡುತ್ತದೆ ಎನ್ನಲಾಗದು.

*ನಂಬಿಕೆ: ಡಿಜಿಟಲ್ ಆದರೆ ಕಿವಿ ಬೇಕಿಲ್ಲ.*
ವಾಸ್ತವ: ಪೆಟ್ಟಿಗೆ ತಪ್ಪದಿದ್ದರೂ ನಾವು ಒತ್ತಿದ ಗುಂಡಿ ತಪ್ಪಿರಬಹುದು. 'ಫೈನ್' ಸ್ವಲ್ಪ ಸರಿದಿದ್ದರೆ ಪಕ್ಕದ ಹಾರ್ಮೋನಿಯಂ ಜೊತೆ ಜಗಳ ಶುರು.

ಹಳೆಯ ಪೆಟ್ಟಿಗೆ ಪರೀಕ್ಷಿಸುವುದು ಹೇಗೆ?

ಕಲಿಯುವ ಮಗುವಿನ ಕಿವಿ ದಿನವೂ ಕೇಳುವ ಆಧಾರವನ್ನೇ ಸರಿ ಎಂದು ನಂಬುತ್ತದೆ. ಪೆಟ್ಟಿಗೆ ಒಂದು ಮನೆ ಏರಿ ನಿಂತಿದ್ದರೆ ಗಂಟಲಿಗೂ ಸುಮ್ಮನೆ ದಣಿವು. ಆದ್ದರಿಂದ ಕೊಳ್ಳುವ ಮೊದಲು, ಅಥವಾ ಅಟ್ಟದಿಂದ ಇಳಿಸಿ ಬಳಸುವ ಮೊದಲು ಹೀಗೆ ಮಾಡಿ:

1. ಸ್ವಿಚ್ ಹಾಕಿ ಕಾಲು ಗಂಟೆ ಬಿಡಿ. ಒಳಗಿನ ಬಿಸಿ ಒಂದು ಹದಕ್ಕೆ ಬರಲಿ.
2. ಮೊಬೈಲಿನ ಟ್ಯೂನರ್ ಆ್ಯಪ್ ತೆರೆದು ಷಡ್ಜ ಅಳೆಯಿರಿ. ಬಿಳಿ ಒಂದರ ಷಡ್ಜವನ್ನು ಗಂಡು ದನಿಯ ಸ್ಥಾಯಿಯಲ್ಲಿ ಇಟ್ಟರೆ ಸುಮಾರು 130.8 ಹರ್ಟ್ಸ್, ಕಪ್ಪು ಒಂದಾದರೆ 138.6 ತೋರಿಸಬೇಕು.
3. ಆ್ಯಪ್ ಇಲ್ಲದಿದ್ದರೆ ಶ್ರುತಿ ಸರಿಯಿರುವ ಇನ್ನೊಂದು ವಾದ್ಯದ ಅದೇ ಸ್ವರ ಜೊತೆಗೆ ನುಡಿಸಿ. ಎರಡರ ನಡುವೆ 1 ಹರ್ಟ್ಸ್ ವ್ಯತ್ಯಾಸವಿದ್ದರೆ ಸೆಕೆಂಡಿಗೊಮ್ಮೆ ಸದ್ದು ಅಲೆಯಂತೆ ಏರಿಳಿಯುತ್ತದೆ. ಅಲೆ ನಿಧಾನವಾಗಿ ನಿಂತುಹೋಗುವವರೆಗೆ 'ಫೈನ್' ತಿರುಗಿಸಿ.
4. ಅರ್ಧ ಗಂಟೆಯ ನಂತರ ಮತ್ತೆ ಅಳೆಯಿರಿ. 10–15 ಸೆಂಟಿಗಿಂತ ಹೆಚ್ಚು ಜಾರಿದ್ದರೆ ಪಾಠಕ್ಕೆ ಆ ಪೆಟ್ಟಿಗೆ ಬೇಡ, ಅಥವಾ ಪ್ರತಿ ಸಲ ಸರಿಮಾಡಿಕೊಳ್ಳುವ ಅಭ್ಯಾಸ ಬೇಕು.
5. ಪಂಚಮ–ಮಧ್ಯಮ ಸ್ವಿಚ್ಚು ಎರಡೂ ಕಡೆ ಹಾಕಿ ಕೇಳಿ. ಷಡ್ಜ ಸರಿಯಿದ್ದು ಪಂಚಮ ತಪ್ಪಿರುವ ಪೆಟ್ಟಿಗೆಗಳೂ ಇರುತ್ತವೆ.
6. ನಾಬ್ ತಿರುಗಿಸುವಾಗ ಕರಕರ ಸದ್ದು ಬಂದರೆ ಒಳಗೆ ಧೂಳು ಅಥವಾ ಸವೆತ. ರಿಪೇರಿಯವರು ಶುಚಿಮಾಡಿ ಅಥವಾ ಆ ಭಾಗ ಬದಲಿಸಿ ಸರಿಪಡಿಸಬಹುದು. ನೇರ ಕರೆಂಟಿನ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬೇಡಿ.
7. ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುವುದು ಈ ಭಾಗದವರಿಗೆ ಗೊತ್ತೇ ಇದೆ. ತೀರ ಇಳಿದರೆ ಹಳೆಯ ಪೆಟ್ಟಿಗೆಯಲ್ಲಿ ಗುಂಯ್ ಎಂಬ ಸದ್ದು ಸೇರಬಹುದು, ಶ್ರುತಿಯೂ ಅಲುಗಬಹುದು. ಆ ಹೊತ್ತಿನಲ್ಲೂ ಒಮ್ಮೆ ಪರೀಕ್ಷಿಸಿ.

ವೈರಿನಿಂದ ಪಿನ್ನಿಗೆ, ಪಿನ್ನಿನಿಂದ ನಾಬಿಗೆ, ನಾಬಿನಿಂದ ಪರದೆಗೆ ಪ್ಯಾನೆಲ್ ಬದಲಾದ ಪ್ರತಿ ಸಲವೂ ಒಂದಷ್ಟು ಆಯ್ಕೆ ಬಳಸುವವರ ಕೈಯಿಂದ ತಯಾರಕರ ಕೈಗೆ ಹೋಯಿತು, ಬದಲಿಗೆ ಒಂದಷ್ಟು ಅನುಕೂಲ ಸಿಕ್ಕಿತು. ಪೆಟ್ಟಿಗೆ ಹಳೆಯದೋ ಹೊಸದೋ ಎಂಬುದಕ್ಕಿಂತ ಅದರಲ್ಲಿ ನಿಮ್ಮ ಕೈಗೆ ಏನು ಉಳಿದಿದೆ, ಷಡ್ಜ ನಿಂತಲ್ಲಿ ನಿಲ್ಲುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳಿ. ಎರಡನೆಯದಕ್ಕೆ ಉತ್ತರ ಪ್ಯಾನೆಲ್ ಮೇಲೆ ಅಚ್ಚಾಗಿರುವುದಿಲ್ಲ, ಅಳೆದು ಕೇಳಿಯೇ ತಿಳಿಯಬೇಕು.